‘ಲಾರ್ಬೋರ್ಡ್’: ಒಂದು ನೌಕಾಶಬ್ದದ ನಿಷ್ಪತ್ತಿಯೂ ಪ್ರಯೋಗವೂ

ಮಿಲ್ಟನ್ ಮಹಾಕವಿಯ ‘ಪ್ಯಾರಡೈಸ್ ಲಾಸ್ಟ್’ ಕಾವ್ಯದ (1667) ಎರಡನೆಯ ಸರ್ಗದ ಕಡೆಯಲ್ಲಿ ಸೈತಾನನು ನರಕದ ಬಾಗಿಲನ್ನು ದಾಟಿ, ಪಂಚಭೂತಗಳು ಇನ್ನೂ ವಿಂಗಡವಾಗದೆ ಕಲಸಿಹೋಗಿರುವ ಅವ್ಯಾಕೃತದ ನಡುವೆ ದಾರಿ ಮಾಡಿಕೊಂಡು ಬರುತ್ತಾನೆ. ಆ ಪಯಣದ ಕಷ್ಟವನ್ನು ತಿಳಿಸುವುದಕ್ಕಾಗಿ ಕವಿಯು ಎರಡು ಉಪಮಾನಗಳನ್ನು ತರುತ್ತಾನೆ. ಒಂದು, ತಮ್ಮಲ್ಲೇ ತಾಕಲಾಡುವ ಬಂಡೆಗಳ ನಡುವೆ ತೂರಿ ಹೋದ ಆರ್ಗೋ ಎಂಬ ನೌಕೆ. ಇನ್ನೊಂದು, ಕ್ಯಾರಿಬ್ಡಿಸ್ ಎಂಬ ಸುಳಿಯನ್ನು ತಪ್ಪಿಸಿಕೊಂಡು ಹೋದ ಯೂಲಿಸಿಸ್ಸನ ಹಡಗು. ಈ ಎರಡನೆಯ ಉಪಮಾನದಲ್ಲಿ ‘ಲಾರ್ಬೋರ್ಡ್’ ಎಂಬ ಮಾತು ಬಂದಿದೆ. ಟಿಪ್ಪಣಿಕಾರರು ‘ಹಡಗಿನ ಎಡಭಾಗ’ ಎಂದು ಅರ್ಥ ಬರೆದು ಮುಂದಕ್ಕೆ ಸಾಗುವುದು ವಾಡಿಕೆ. ಅರ್ಥವೇನೋ ತಪ್ಪಲ್ಲ. ಆದರೆ ಈ ಅರ್ಥವನ್ನು ಇಟ್ಟುಕೊಂಡು ಆ ಎರಡು ಪಂಕ್ತಿಗಳನ್ನು ಓದಲು ಹೊರಟವನಿಗೆ ಯೂಲಿಸಿಸ್ಸನು ಯಾವ ಕಡೆಗೆ ಹೋದನೆಂಬುದೇ ತಿಳಿಯದೆ ಹೋಗುವುದು. ಆದುದರಿಂದ ಈ ಶಬ್ದವು ಎಲ್ಲಿಂದ ಹುಟ್ಟಿತು, ಏನನ್ನು ಸೂಚಿಸುತ್ತಿತ್ತು ಎಂಬುದನ್ನು ಮೊದಲು ವಿಚಾರಿಸಿ, ಅನಂತರ ಕಾವ್ಯಪ್ರಯೋಗಕ್ಕೆ ಬರುವುದು ಯುಕ್ತ.

ಎಡ ಬಲಗಳು ನೋಡುವವನ ಮೈಯನ್ನು ಅನುಸರಿಸುವ ಮಾತುಗಳು. ನೋಡುವವನು ಹಿಂದಿರುಗಿ ನಿಂತರೆ ಎಡವಿದ್ದದ್ದು ಬಲವಾಗುವುದು. ಭೂಮಿಯ ಮೇಲೆ ಇದರಿಂದ ದೊಡ್ಡ ತೊಂದರೆಯಿಲ್ಲ. ಹಡಗಿನ ಮೇಲಾದರೋ ಹತ್ತಾರು ಜನರು ಹತ್ತಾರು ದಿಕ್ಕಿಗೆ ಮುಖ ಮಾಡಿಕೊಂಡು ಕೆಲಸ ಮಾಡುತ್ತಿರುವರು. ‘ಎಡಕ್ಕೆ’ ಎಂದು ಕೂಗಿದರೆ ಯಾರ ಎಡಕ್ಕೆ ಎಂಬ ಸಂದೇಹವುಂಟಾಗಿ, ಆ ಸಂದೇಹವು ತೀರುವುದರೊಳಗೆ ಹಡಗು ಬಂಡೆಗೆ ತಾಗಿರುವುದು. ಹೀಗಾಗಿ ನಾವಿಕರು ಮನುಷ್ಯನ ಮೈಯನ್ನು ಬಿಟ್ಟು ಹಡಗಿನ ಮೈಗೇ ಎರಡು ಹೆಸರುಗಳನ್ನು ಕಟ್ಟಿದರು. ನಮ್ಮಲ್ಲಿಯೂ ಹೊಳೆಯ ವಿಷಯದಲ್ಲಿ ಇಂತಹುದೇ ಒಂದು ಏರ್ಪಾಡುಂಟು. ಎಡದಂಡೆಯ ಕಾಲುವೆ, ಬಲದಂಡೆಯ ಕಾಲುವೆ ಎನ್ನುವಾಗ ನೀರು ಹರಿಯುವ ಕಡೆಗೆ ಮುಖಮಾಡಿದ ಎಡಬಲಗಳೆಂದೇ ಗ್ರಹಿಕೆ. ದಡದ ಮೇಲೆ ನಿಂತವನು ಎತ್ತ ತಿರುಗಿದರೂ ಕಾಲುವೆಯ ಹೆಸರು ಬದಲಾಗುವುದಿಲ್ಲ. ಲಾರ್ಬೋರ್ಡ್ ಎಂಬುದೂ, ಅದರ ಜೊತೆಯ ಸ್ಟಾರ್ಬೋರ್ಡ್ ಎಂಬುದೂ ಹಡಗಿನ ಮುಖವನ್ನು ಹಿಡಿದು ಗೊತ್ತುಮಾಡಿದ ಎರಡು ಪಕ್ಕಗಳು.

ಈ ಜೋಡಿಯಲ್ಲಿ ಸ್ಟಾರ್ಬೋರ್ಡ್ ಎಂಬುದರ ನಿಷ್ಪತ್ತಿ ನಿಸ್ಸಂದೇಹವಾದುದು. ಈಗಿನ ಇಂಗ್ಲಿಷು ಬಲ್ಲವನಿಗೆ ಅದರ ಮೊದಲ ಭಾಗವು ನಕ್ಷತ್ರವಾಚಕವೆಂದು ತೋರುವುದು ಸಹಜ. ನಾವಿಕರು ನಕ್ಷತ್ರ ನೋಡಿ ಹೋಗುವವರಾದ್ದರಿಂದ ಈ ಭ್ರಾಂತಿಗೆ ಒಂದು ಸೊಗಸೂ ಬಂದುಬಿಡುತ್ತದೆ. ನಿಜವಾಗಿ ಪ್ರಾಚೀನ ಇಂಗ್ಲಿಷಿನಲ್ಲಿ ಈ ಶಬ್ದವು ‘ಸ್ಟೇಓರ್‌ಬೋರ್ಡ್’ ಎಂದಿತ್ತು. ‘ಸ್ಟೇಓರ್’ ಎಂದರೆ ಚುಕ್ಕಾಣಿ, ನಡೆಸುವ ಸಾಧನ. ‘ಬೋರ್ಡ್’ ಎಂದರೆ ಇಲ್ಲಿ ಬರಿಯ ಹಲಗೆಯಲ್ಲ, ಹಡಗಿನ ಪಕ್ಕ. ಉತ್ತರದ ಕಡಲುಗಳ ಹಳೆಯ ಹಡಗುಗಳಿಗೆ ಚುಕ್ಕಾಣಿಯು ಹಿಂಬದಿಯ ನಡುವೆ ಇರಲಿಲ್ಲ. ಅಗಲವಾದ ಅಲಗುಳ್ಳ ಒಂದು ದೊಡ್ಡ ಹುಟ್ಟನ್ನು ಹಿಂಬದಿಯಲ್ಲಿ ಬಲಪಕ್ಕಕ್ಕೆ ಬಿಗಿಯುತ್ತಿದ್ದರು. ನಾರ್ವೆಯಲ್ಲಿ 1880ರಲ್ಲಿ ಗೋಕ್‌ಸ್ಟಾಡ್ ಎಂಬಲ್ಲಿಯೂ 1904ರಲ್ಲಿ ಓಸೆಬೆರ್ಗ್ ಎಂಬಲ್ಲಿಯೂ ದಿಬ್ಬಗಳನ್ನು ಅಗೆದಾಗ ಸಿಕ್ಕಿದ ಒಂಬತ್ತನೆಯ ಶತಮಾನದ ಹಡಗುಗಳಲ್ಲಿ ಈ ಏರ್ಪಾಡನ್ನು ಕಣ್ಣಾರೆ ಕಾಣಬಹುದು. ಶಬ್ದಶಾಸ್ತ್ರಜ್ಞನು ಅಕ್ಷರಗಳಿಂದ ಊಹಿಸಿದ್ದನ್ನು ಮಣ್ಣಿನೊಳಗಿನ ಮರವು ಸಮರ್ಥಿಸುವ ಇಂತಹ ಸಂದರ್ಭಗಳು ವಿರಳ. ಹಿಂಬದಿಯ ನಡುವೆ ಕೀಲಿಸಿದ ಚುಕ್ಕಾಣಿಯು ಆ ಕಡಲುಗಳಲ್ಲಿ ಬಳಕೆಗೆ ಬಂದುದು ಹನ್ನೆರಡು ಹದಿಮೂರನೆಯ ಶತಮಾನಗಳ ಸುಮಾರಿಗೆ. ಬಾಲ್ಟಿಕ್ ತೀರದ ಎಲ್ಬಿಂಗ್ ಪಟ್ಟಣದ 1242ರ ಮುದ್ರೆಯಲ್ಲಿ ಅದರ ಚಿತ್ರವಿದೆ. ಚುಕ್ಕಾಣಿಯು ಸ್ಥಳ ಬಿಟ್ಟು ಏಳುನೂರು ವರ್ಷಗಳಾದರೂ ಪಕ್ಕದ ಹೆಸರು ಮಾತ್ರ ಅಲ್ಲಿಯೇ ನಿಂತಿದೆ.

ಎಡಪಕ್ಕಕ್ಕೆ ಆ ಕಾಲದಲ್ಲಿ ಲಾರ್ಬೋರ್ಡ್ ಎಂಬ ಹೆಸರು ಇರಲಿಲ್ಲವೆಂಬುದು ಗಮನಿಸತಕ್ಕ ಸಂಗತಿ. ಆಲ್‌ಫ್ರೆಡ್ ದೊರೆಯ (ಮರಣ 899) ಕಾಲದಲ್ಲಿ ಓರೋಸಿಯಸ್ಸನ ಲ್ಯಾಟಿನ್ ಇತಿಹಾಸವನ್ನು ಇಂಗ್ಲಿಷಿಗೆ ತಂದವರು ಅದರೊಳಗೆ ಓಹ್ತೆರೆ ಎಂಬ ನಾರ್ವೆಯ ಶ್ರೀಮಂತನು ಆ ದೊರೆಗೆ ಹೇಳಿದ ಪ್ರಯಾಣವೃತ್ತಾಂತವನ್ನು ಸೇರಿಸಿದ್ದಾರೆ. ಆತನು ನಾರ್ವೆಯ ತೀರವನ್ನು ಹಿಡಿದು ನೇರವಾಗಿ ಬಡಗಲಿಗೆ ಹೋದನಂತೆ. ಮೂರು ದಿನಗಳ ಕಾಲ ಬಂಜರುಭೂಮಿಯು ಒಂದು ಪಕ್ಕಕ್ಕೂ ತೆರೆದ ಕಡಲು ಇನ್ನೊಂದು ಪಕ್ಕಕ್ಕೂ ಇದ್ದುವು. ಭೂಮಿಯಿದ್ದ ಪಕ್ಕವನ್ನು ಅಲ್ಲಿ ‘ಸ್ಟೇಓರ್‌ಬೋರ್ಡ್’ ಎಂದೂ ಕಡಲಿದ್ದ ಪಕ್ಕವನ್ನು ‘ಬ್ಯಾಕ್‌ಬೋರ್ಡ್’ ಎಂದೂ ಕರೆದಿದೆ. ನಾರ್ವೆಯ ಪಡುವಣ ತೀರದಲ್ಲಿ ಬಡಗಮುಖವಾಗಿ ಹೋಗುವವನಿಗೆ ಭೂಮಿಯು ಬಲಕ್ಕಿರುವುದು ಸ್ಪಷ್ಟವಾದುದರಿಂದ ಈ ಶಬ್ದಗಳ ಅರ್ಥಕ್ಕೆ ಭೂಪಟವೇ ಸಾಕ್ಷಿ. ‘ಬ್ಯಾಕ್‌ಬೋರ್ಡ್’ ಎಂದರೆ ಬೆನ್ನಿನ ಪಕ್ಕ. ಚುಕ್ಕಾಣಿಯ ಹುಟ್ಟನ್ನು ಹಿಡಿದವನು ಬಲಪಕ್ಕಕ್ಕೆ ತಿರುಗಿ ನಿಲ್ಲುವನು. ಆಗ ಎಡಪಕ್ಕವು ಅವನ ಬೆನ್ನ ಹಿಂದಾಗುವುದು. ಜರ್ಮನರ ಬಾಕ್‌ಬೋರ್ಟ್, ಡಚ್ಚರಿಂದ ಫ್ರೆಂಚರು ಪಡೆದ ಬಾಬೋರ್ ಮೊದಲಾದ ಶಬ್ದಗಳಲ್ಲಿ ಈ ಬೆನ್ನು ಇಂದಿಗೂ ಉಳಿದಿದೆ. ನಮ್ಮ ಮೂಡಣ ಪಡುವಣಗಳಲ್ಲಿ ಸೂರ್ಯನ ಮೂಡುವಿಕೆ ಪಡುವಿಕೆಗಳು ಅಡಗಿರುವಂತೆ, ಈ ಶಬ್ದಗಳಲ್ಲಿ ಚುಕ್ಕಾಣಿಗನ ನಿಲುವೇ ಅಡಗಿದೆ. ಇಂಗ್ಲಿಷು ಮಾತ್ರ ಈ ಒಳ್ಳೆಯ ಮಾತನ್ನು ಕಳೆದುಕೊಂಡು ಬೇರೊಂದನ್ನು ಹಿಡಿಯಿತು.

ಆ ಬೇರೊಂದು ಶಬ್ದವು ಮೊದಲು ಕಾಣುವುದು ಹದಿನಾಲ್ಕನೆಯ ಶತಮಾನದ ಉತ್ತರಾರ್ಧಕ್ಕೆ ಸೇರಿದ ‘ಪೇಷನ್ಸ್’ ಎಂಬ ಅಜ್ಞಾತಕರ್ತೃಕವಾದ ಕಾವ್ಯದಲ್ಲಿ. ಯೋನನು ದೇವರ ಆಜ್ಞೆಗೆ ತಪ್ಪಿಸಿಕೊಂಡು ಹಡಗನ್ನೇರುವ ಬೈಬಲಿನ ಕಥೆ ಅದರ ವಸ್ತು. ನಾವಿಕರು ಹಾಯಿ ಬಿಚ್ಚಿ ಹೊರಡುವ ವರ್ಣನೆಯಲ್ಲಿ ‘ಲಡ್ಡೆಬೋರ್ಡೆ’ ಎಂಬ ರೂಪವಿದೆ. ಈ ಕಾವ್ಯವು ಒಂದೇ ಒಂದು ಹಸ್ತಪ್ರತಿಯಲ್ಲಿ ಉಳಿದುಬಂದು 1864ರಲ್ಲಿ ಮೊದಲು ಅಚ್ಚಾಯಿತು. ಅದಕ್ಕೆ ಮುಂಚಿನ ಕೋಶಕಾರರಿಗೆ ಈ ಹಳೆಯ ರೂಪವು ದೊರೆಯದೆ ಇದ್ದುದರಿಂದ ಅವರ ಊಹೆಗಳನ್ನು ಕಟುವಾಗಿ ಆಕ್ಷೇಪಿಸುವುದು ನ್ಯಾಯವಲ್ಲ. ಆದರೂ ಒಂದು ಊಹೆಯನ್ನು ಇಲ್ಲಿ ಪರಿಶೀಲಿಸಲೇಬೇಕು. ಏಕೆಂದರೆ ಅದು ಇನ್ನೂ ಸತ್ತಿಲ್ಲ.

ಅಡ್ಮಿರಲ್ ಸ್ಮಿತ್ ಎಂಬಾತನ ನಾವಿಕಶಬ್ದಕೋಶವು 1867ರಲ್ಲಿ, ಆತನ ಮರಣಾನಂತರ, ಪ್ರಕಟವಾಯಿತು. ಅನೇಕ ವಿಷಯಗಳಲ್ಲಿ ಪ್ರಮಾಣಭೂತವಾದ ಗ್ರಂಥವದು. ಅದರಲ್ಲಿ ಈ ಜೋಡಿಯು ಇಟಾಲಿಯನ್ ಭಾಷೆಯಿಂದ ಬಂದುದೆಂಬ ಮತವನ್ನು ಕೊಟ್ಟಿದೆ. ‘ಕ್ವೆಸ್ತ ಬೋರ್ದ’ ಎಂದರೆ ಈ ಪಕ್ಕ, ‘ಕ್ವೆಲ್ಲ ಬೋರ್ದ’ ಎಂದರೆ ಆ ಪಕ್ಕ. ಮೊದಲನೆಯದು ಸವೆದು ‘ಸ್ತ ಬೋರ್ದ’, ಎರಡನೆಯದು ಸವೆದು ‘ಲ ಬೋರ್ದ’ ಆಗಿ, ಅವೇ ಸ್ಟಾರ್ಬೋರ್ಡ್ ಲಾರ್ಬೋರ್ಡ್‌ಗಳಾದುವಂತೆ. ಕೇಳಲು ಬಹಳ ಅಚ್ಚುಕಟ್ಟಾದ ಮಾತು. ಆದರೆ ಇದು ಮೂರು ಕಡೆಗಳಲ್ಲಿ ಮುರಿದುಬೀಳುತ್ತದೆ. ಇಟಾಲಿಯನ್ನಿನಲ್ಲಿ ಹಡಗಿನ ಪಕ್ಕವನ್ನು ಹೇಳುವ ‘ಬೋರ್ದೊ’ ಶಬ್ದವು ಪುಲ್ಲಿಂಗವಾದುದರಿಂದ ಅದಕ್ಕೆ ‘ಕ್ವೆಸ್ತ’, ‘ಕ್ವೆಲ್ಲ’ ಎಂಬ ಸ್ತ್ರೀಲಿಂಗದ ವಿಶೇಷಣಗಳು ಹೊಂದಲಾರವು. ‘ಸ್ಟೇಓರ್‌ಬೋರ್ಡ್’ ಎಂಬುದು ಒಂಬತ್ತನೆಯ ಶತಮಾನದ ಇಂಗ್ಲಿಷಿನಲ್ಲಿಯೇ ಪೂರ್ಣರೂಪದಲ್ಲಿ ನಿಂತಿದೆ. ಅದರ ದಾಯಾದಿಗಳು ಜರ್ಮಾನಿಕ ಭಾಷೆಗಳಲ್ಲೆಲ್ಲ ಇವೆ. ಅದನ್ನು ಇಟಲಿಯಿಂದ ತರಿಸುವ ಆವಶ್ಯಕತೆಯೇ ಇಲ್ಲ. ಇವೆರಡಕ್ಕಿಂತ ಬಲವಾದ ಆಕ್ಷೇಪಣೆಯು ಅರ್ಥಕ್ಕೆ ಸಂಬಂಧಿಸಿದುದು. ‘ಈ ಪಕ್ಕ’, ‘ಆ ಪಕ್ಕ’ ಎಂಬುವು ಎಡ ಬಲಗಳಿಗಿಂತಲೂ ಅಸ್ಥಿರವಾದ ಮಾತುಗಳು. ನಿಂತಿರುವವನು ನಾಲ್ಕು ಹೆಜ್ಜೆ ನಡೆದರೆ ಈ ಪಕ್ಕವೇ ಆ ಪಕ್ಕವಾಗುವುದು. ಯಾವ ತೊಡಕನ್ನು ಪರಿಹರಿಸಲೆಂದು ನಾವಿಕರು ಹೊಸ ಹೆಸರುಗಳನ್ನು ಮಾಡಿಕೊಂಡರೋ ಆ ತೊಡಕನ್ನೇ ಇಮ್ಮಡಿಯಾಗಿ ತರುವ ಈ ವ್ಯುತ್ಪತ್ತಿಯನ್ನು ಹಡಗಿನ ಮೇಲೆ ಬಾಳಿದವರು ಹೇಗೆ ಒಪ್ಪಿದರೋ ತಿಳಿಯದು.

ಇನ್ನು ಸಾಮಾನ್ಯವಾಗಿ ಪಂಡಿತರು ಹೇಳುವ ವ್ಯುತ್ಪತ್ತಿ. ‘ಲಡ್ಡೆ’ ಎಂಬುದು ಹೇರು, ಸರಕು ತುಂಬು ಎಂಬರ್ಥದ ‘ಲೇಡ್’ ಧಾತುವಿಗೆ ಸಂಬಂಧಿಸಿದುದು. ಆದುದರಿಂದ ಲಾರ್ಬೋರ್ಡ್ ಎಂದರೆ ಹೇರುವ ಪಕ್ಕ. ಚುಕ್ಕಾಣಿಯ ಹುಟ್ಟು ಬಲಕ್ಕೆ ಚಾಚಿಕೊಂಡಿರುವ ಹಡಗನ್ನು ಆ ಪಕ್ಕದಿಂದ ಧಕ್ಕೆಗೆ ತಂದರೆ ಹುಟ್ಟು ಕಲ್ಲಿಗೂ ಹಲಗೆಗೂ ನಡುವೆ ಸಿಕ್ಕಿ ಮುರಿಯುವುದು. ಎಡಪಕ್ಕವನ್ನೇ ದಡಕ್ಕೆ ಸೇರಿಸಿ, ಆ ಕಡೆಯಿಂದಲೇ ಮೂಟೆಗಳನ್ನು ಏರಿಸಬೇಕಾಗಿತ್ತು. ಇದಕ್ಕೆ ಪೋಷಕವಾದ ಇನ್ನೊಂದು ಸಂಗತಿಯೂ ಉಂಟು. ಎಡಪಕ್ಕಕ್ಕೆ ಈಗ ರೂಢಿಯಲ್ಲಿರುವ ‘ಪೋರ್ಟ್’ ಎಂಬ ಹೆಸರನ್ನು ಬಂದರು ಎಂದು ತೆಗೆದುಕೊಂಡರೂ, ಸರಕು ತೆಗೆದುಕೊಳ್ಳುವ ಪಕ್ಕದ ಬಾಗಿಲು ಎಂದು ತೆಗೆದುಕೊಂಡರೂ, ಭಾವವು ಅದೇ ಆಗುತ್ತದೆ.

ಅರ್ಥದ ಕಡೆಯಿಂದ ನೋಡಿದರೆ ಇದರಲ್ಲಿ ಕೊರತೆ ಕಾಣದು. ಧ್ವನಿಯ ಕಡೆಯಿಂದ ಮಾತ್ರ ಒಂದು ಗಂಟು ಉಳಿಯುತ್ತದೆ. ಪ್ರಾಚೀನ ಇಂಗ್ಲಿಷಿನ ‘ಹ್ಲಾದನ್’ ಎಂಬ ಧಾತುವಿನಿಂದ ನೇರವಾಗಿ ಇಳಿದ ರೂಪದಲ್ಲಿ ಒಂದೇ ದಕಾರವಿರಬೇಕು; ‘ಪೇಷನ್ಸ್’ ಕಾವ್ಯದ ರೂಪದಲ್ಲಿ ದ್ವಿತ್ವವಿದೆ. ಈ ಕಾರಣದಿಂದ ಎಚ್ಚರಿಕೆಯುಳ್ಳ ಕೋಶಕಾರರು ಈ ವ್ಯುತ್ಪತ್ತಿಗೆ ‘ಬಹುಶಃ’ ಎಂಬ ಮಾತನ್ನು ಸೇರಿಸುವುದನ್ನು ಬಿಟ್ಟಿಲ್ಲ. ತದ್ಭವಗಳು ಹೇಗೆಂದರೆ ಹಾಗೆ ಹುಟ್ಟುವುದಿಲ್ಲ, ಇಂತಹ ವರ್ಣಕ್ಕೆ ಇಂತಹ ವರ್ಣವೇ ಬರಬೇಕು ಎಂದು ಅಪಭ್ರಂಶಪ್ರಕರಣದಲ್ಲಿ ನಿಯಮ ಮಾಡಿದ ಕೇಶಿರಾಜನ ಓದುಗರಿಗೆ ಈ ಎಚ್ಚರಿಕೆಯ ಬೆಲೆಯನ್ನು ವಿವರಿಸಬೇಕಾದುದಿಲ್ಲ. ಅರ್ಥವು ಎಷ್ಟು ಚೆನ್ನಾಗಿ ಹೊಂದಿದರೂ ವರ್ಣವು ಒಪ್ಪುವವರೆಗೆ ನಿಷ್ಪತ್ತಿಯು ಸಿದ್ಧವಾಯಿತೆನ್ನಲಾಗದು. ಲಾರ್ಬೋರ್ಡ್ ವಿಷಯದಲ್ಲಿ ಹೇರುವ ಪಕ್ಕವೆಂಬುದು ಸಂಭಾವ್ಯಗಳಲ್ಲಿ ಉತ್ತಮವಾದುದು, ಅದಕ್ಕಿಂತ ಹೆಚ್ಚಲ್ಲ.

ಲಡ್ಡೆಬೋರ್ಡೆಯು ಲಾರ್ಬೋರ್ಡ್ ಆದ ಬಗೆಯಾದರೋ ಸುಲಭವಾಗಿ ತಿಳಿಯುವಂಥದು. ದಿನವೂ ಜೊತೆಯಾಗಿ ಬಾಯಲ್ಲಿ ಬರುವ ಎರಡು ಮಾತುಗಳಲ್ಲಿ ಒಂದು ಇನ್ನೊಂದರ ದನಿಯನ್ನು ಎಳೆದುಕೊಳ್ಳುತ್ತದೆ. ಸ್ಟಾರ್ಬೋರ್ಡಿನ ರೇಫೆಯು ಜೊತೆಯ ಶಬ್ದಕ್ಕೂ ಅಂಟಿ, ಹದಿನಾರನೆಯ ಶತಮಾನದ ಕೊನೆಯ ವೇಳೆಗೆ ಈಗಿನ ರೂಪವು ನೆಲೆಗೊಂಡಿತು. ಈ ಹೋಲಿಕೆಯೇ ಶಬ್ದದ ಸಾವಿಗೂ ಕಾರಣವಾಯಿತು. ಬಿರುಗಾಳಿಯಲ್ಲಿ ಕೂಗಿದ ಆಜ್ಞೆಯಲ್ಲಿ ಮೊದಲ ವ್ಯಂಜನವು ಹಾರಿಹೋದರೆ ಎರಡು ಶಬ್ದಗಳಿಗೂ ಭೇದವುಳಿಯದು. ಚುಕ್ಕಾಣಿಗನಿಗೆ ಆಜ್ಞೆ ಕೊಡುವಲ್ಲಿ ‘ಪೋರ್ಟ್’ ಎಂಬುದು ಮೊದಲೇ ಬಳಕೆಯಲ್ಲಿದ್ದುದರಿಂದ, ಬ್ರಿಟಿಷ್ ನೌಕಾಡಳಿತವು 1844ರ ನವೆಂಬರ್ 22ರಂದು ಆಜ್ಞೆ ಹೊರಡಿಸಿ ಎಲ್ಲ ಸಂದರ್ಭಗಳಿಗೂ ಅದನ್ನೇ ವಿಧಿಸಿತು. ಅಮೆರಿಕದ ನೌಕಾಡಳಿತವು 1846ರಲ್ಲಿ ಅದೇ ಮಾರ್ಗವನ್ನು ಹಿಡಿಯಿತು. ಆಗ ಆ ಖಾತೆಯ ಕಾರ್ಯದರ್ಶಿಯಾಗಿದ್ದವನು ಇತಿಹಾಸಕಾರನಾದ ಜಾರ್ಜ್ ಬ್ಯಾಂಕ್ರಾಫ್ಟ್. ಒಂದು ಹಳೆಯ ಶಬ್ದವನ್ನು ಗಡಿಪಾರು ಮಾಡುವ ಕೆಲಸವು ಇತಿಹಾಸಕಾರನೊಬ್ಬನ ಕಾಲದಲ್ಲಿಯೇ ನಡೆದುದು ವಿಧಿಯ ವಿನೋದ. ಆದರೆ ಆಜ್ಞೆಯು ಯುದ್ಧನೌಕೆಗಳನ್ನು ಮಾತ್ರ ಕಟ್ಟಬಲ್ಲದು. 1851ರ ‘ಮೊಬಿ ಡಿಕ್’ ಕಾದಂಬರಿಯ ತಿಮಿಂಗಿಲಬೇಟೆಗಾರರು ಲಾರ್ಬೋರ್ಡನ್ನು ಬಿಟ್ಟಿಲ್ಲ. ಮಾರ್ಕ್ ಟ್ವೈನನು 1883ರಲ್ಲಿ ಪ್ರಕಟಿಸಿದ ಮಿಸಿಸಿಪಿ ನದಿಯ ನೆನಪುಗಳಲ್ಲಿ ಹಬೆಹಡಗಿನವರು ಅದನ್ನು ‘ಲಬ್ಬರ್ಡ್’ ಎಂದು ಸವೆಯಿಸಿಕೊಂಡು ಆಡುತ್ತಾರೆ.

ಈಗ ಕಾವ್ಯವಿಮರ್ಶೆಗೆ ಬರಬಹುದು. ಡ್ರೈಡನ್ನನು 1697ರಲ್ಲಿ ವರ್ಜಿಲನ ‘ಈನಿಯಡ್’ ಕಾವ್ಯವನ್ನು ಇಂಗ್ಲಿಷಿಗೆ ತಂದನು. ಅದರ ಅರ್ಪಣಪತ್ರಿಕೆಯಲ್ಲಿ ಆತನು, ವರ್ಜಿಲನು ನಾವಿಕರಿಗೋ ಸೈನಿಕರಿಗೋ ಬರೆದವನಲ್ಲ, ಎಲ್ಲರಿಗಾಗಿ ಬರೆದವನು, ಆದುದರಿಂದ ಆಯಾ ವೃತ್ತಿಯವರ ಮಾತುಗಳನ್ನು ವರ್ಜಿಸಿದನು ಎಂಬ ಅಭಿಪ್ರಾಯವನ್ನು ಹೇಳುತ್ತಾನೆ. ಹೀಗೆ ಹೇಳಿದವನೇ ಮೂರನೆಯ ಸರ್ಗದಲ್ಲಿ, ಹೆಲೆನಸ್ ಎಂಬ ದ್ರಷ್ಟಾರನು ಈನಿಯಸ್ಸನಿಗೆ ಸಿಸಿಲಿಯ ಮಾರ್ಗವನ್ನು ಉಪದೇಶಿಸುವಾಗ, ಅವನ ಬಾಯಲ್ಲಿ ಲಾರ್ಬೋರ್ಡ್ ಸ್ಟಾರ್ಬೋರ್ಡ್‌ಗಳನ್ನು ಹಾಕಿದ್ದಾನೆ. ಮೂಲದಲ್ಲಿ ಎಡ, ಬಲ ಎಂಬ ಸಾಮಾನ್ಯಶಬ್ದಗಳಷ್ಟೇ ಇವೆ. 1712ರಲ್ಲಿ ಅಡಿಸನ್ನನು ‘ಸ್ಪೆಕ್ಟೇಟರ್’ ಪತ್ರಿಕೆಯ 297ನೆಯ ಸಂಚಿಕೆಯಲ್ಲಿ ಮಿಲ್ಟನ್ನನ ದೋಷಗಳನ್ನು ಎಣಿಸುತ್ತ, ಶಾಸ್ತ್ರೀಯ ಹಾಗೂ ವೃತ್ತಿಸಂಬಂಧವಾದ ಶಬ್ದಗಳ ಪ್ರಯೋಗವನ್ನು ಒಂದು ದೋಷವಾಗಿ ಹೇಳಿ, ಡ್ರೈಡನ್ನನ ಈ ಪಂಕ್ತಿಗಳನ್ನು ಆಶ್ಚರ್ಯದಿಂದ ಉದಾಹರಿಸಿ, ಮಿಲ್ಟನ್ನನೂ ಲಾರ್ಬೋರ್ಡನ್ನು ಹೀಗೆಯೇ ಬಳಸಿದ್ದಾನೆಂದು ಮುಗಿಸುತ್ತಾನೆ.

‘ಹೀಗೆಯೇ’ ಎಂಬುದರಲ್ಲಿ ವಿವಾದವಿದೆ. ಎರಡು ಪ್ರಯೋಗಗಳೂ ಒಂದೇ ತಕ್ಕಡಿಗೆ ಹಾಕತಕ್ಕವಲ್ಲ. ಡ್ರೈಡನ್ನನಲ್ಲಿ ದಿಕ್ಕು ಸರಿಯಾಗಿದೆ. ಮಾತಾಡುವವನು ಈನಿಯಸ್ಸನ ಹಡಗಿನ ಮುಖವನ್ನು ಮನಸ್ಸಿನಲ್ಲಿಟ್ಟುಕೊಂಡು ಎಡಕ್ಕೆ ತಿರುಗೆನ್ನುತ್ತಾನೆ. ಹಡಗಿನ ಎಡವೂ ಈನಿಯಸ್ಸನ ಎಡವೂ ಅಲ್ಲಿ ಒಂದೇ. ಕೆಟ್ಟಿರುವುದು ಔಚಿತ್ಯ. ದೇವತೆಯ ಆವೇಶಕ್ಕೊಳಗಾದ ಋಷಿಯು ಹಾಯಿ ಎಳೆಸುವ ಮೇಸ್ತ್ರಿಯಂತೆ ಕೂಗತೊಡಗುತ್ತಾನೆ. ಇಲ್ಲಿ ಅಡಿಸನ್ನನ ಆಕ್ಷೇಪಣೆಯು ಸಂಪೂರ್ಣವಾಗಿ ಸಲ್ಲುವುದು.

ಮಿಲ್ಟನ್ನನಲ್ಲಿ ಮಾತಾಡುವವನು ಕವಿಯೇ. ಅದೇ ಸರ್ಗದಲ್ಲಿ ಸೈತಾನನನ್ನು ಬಂಗಾಳದಿಂದ ಮಾರುತಗಳನ್ನು ಹಿಡಿದು ಬರುವ ವರ್ತಕರ ನೌಕಾಸಮೂಹಕ್ಕೆ ಹೋಲಿಸಿದ ಕವಿಗೆ ನಾವಿಕಶಬ್ದವೊಂದು ಅಪರಿಚಿತವೂ ಅಲ್ಲ, ಅನುಚಿತವೂ ಅಲ್ಲ. ತೊಡಕಿರುವುದು ದಿಕ್ಕಿನಲ್ಲಿ. ಪ್ರಾಚೀನರ ಸಂಪ್ರದಾಯದಂತೆ ಕ್ಯಾರಿಬ್ಡಿಸ್ ಸುಳಿಯು ಮೆಸ್ಸೀನ ಜಲಸಂಧಿಯ ಪಡುವಣಕ್ಕೆ, ಸಿಸಿಲಿಯ ಕಡೆಗೆ. ಸ್ಕಿಲ್ಲ ಎಂಬ ರಾಕ್ಷಸಿಯ ಬಂಡೆಯು ಮೂಡಣಕ್ಕೆ, ಇಟಲಿಯ ಕಡೆಗೆ. ಯೂಲಿಸಿಸ್ಸನು ಬಂದುದು ಸರ್ಸಿಯ ನೆಲೆಯಿಂದ. ರೋಮನರು ಅದನ್ನು ಲ್ಯಾಟಿಯಮ್ ತೀರದಲ್ಲಿ, ಅಂದರೆ ಜಲಸಂಧಿಗೆ ಬಡಗಲಲ್ಲಿ, ಗುರುತಿಸಿದ್ದರು. ಬಡಗಲಿಂದ ತೆಂಕಲಿಗೆ ಬರುವ ಹಡಗಿಗೆ ಪಡುವಣದ ಸುಳಿಯು ಬಲಕ್ಕಿರಬೇಕು. ಹೀಗಿರುವಾಗ ಕ್ಯಾರಿಬ್ಡಿಸ್ಸನ್ನು ಲಾರ್ಬೋರ್ಡಿನಲ್ಲಿ ತಪ್ಪಿಸಿಕೊಂಡನೆಂಬುದು ಹೇಗೆ ಹೊಂದುವುದು?

ಸುಳಿಯು ಹಡಗಿನ ಎಡಕ್ಕಿತ್ತು ಎಂದು ಅನ್ವಯಿಸಿದರೆ ಹೊಂದುವುದೇ ಇಲ್ಲ. ಈ ಅನ್ವಯಕ್ಕೆ ಆಧಾರವು ವರ್ಜಿಲನಲ್ಲಿದೆ. ಹೆಲೆನಸ್ಸನು ತನ್ನ ಉಪದೇಶದಲ್ಲಿಯೇ ಬಲಕ್ಕೆ ಸ್ಕಿಲ್ಲ, ಎಡಕ್ಕೆ ಕ್ಯಾರಿಬ್ಡಿಸ್ ಎನ್ನುತ್ತಾನೆ. ಆದರೆ ಅದು ತೆಂಕಲಿನಿಂದ ಜಲಸಂಧಿಯ ಬಾಯಿಗೆ ಬರುವ ಈನಿಯಸ್ಸನ ಎಡ. ಮಿಲ್ಟನ್ನನು ವರ್ಜಿಲನ ಎಡವನ್ನು ಎತ್ತಿ ಹೋಮರನ ಹಡಗಿಗೆ ಕಟ್ಟಿದನೆಂದು ಆಗ ಹೇಳಬೇಕಾಗುವುದು. ಯೂಲಿಸಿಸ್ಸನು ಎರಡನೆಯ ಸಲ ತೆಂಕಲಿನಿಂದಲೇ ಅಲ್ಲಿಗೆ ಬಂದನಲ್ಲಾ ಎಂದು ಯಾರಾದರೂ ಸಮಾಧಾನ ಹೇಳಬಹುದು. ಆಗ ಅವನಿಗೆ ಹಡಗೇ ಇರಲಿಲ್ಲ. ಮುರಿದ ಮರಗಳ ಮೇಲೆ ತೇಲುತ್ತ ಬಂದು, ಸುಳಿಗೆ ಸಿಕ್ಕಿ, ಅತ್ತಿಜಾತಿಯ ಮರವೊಂದಕ್ಕೆ ಜೋತುಬಿದ್ದು ಉಳಿದನು. ತಪ್ಪಿಸಿಕೊಂಡನೆಂಬ ಮಾತೂ ಅಲ್ಲಿ ಸಲ್ಲದು, ಪಕ್ಕವೆಂಬ ಮಾತೂ ಸಲ್ಲದು.

ಇನ್ನೊಂದು ಅನ್ವಯವುಂಟು. ‘ಲಾರ್ಬೋರ್ಡಿನಲ್ಲಿ’ ಎಂಬುದನ್ನು ಸುಳಿಯ ಸ್ಥಾನಕ್ಕೆ ಸೇರಿಸದೆ ಕ್ರಿಯೆಗೆ ಸೇರಿಸಿ, ಎಡಪಕ್ಕದ ಕಡೆಗೆ ಹಡಗನ್ನು ಹಿಡಿದು ಸುಳಿಯನ್ನು ತಪ್ಪಿಸಿಕೊಂಡನು ಎಂದು ಓದಬಹುದು. ತೆಂಕಮುಖವಾದ ಹಡಗಿಗೆ ಎಡವೆಂದರೆ ಮೂಡಣ. ಸ್ಕಿಲ್ಲಳ ಬಂಡೆಯಿರುವುದು ಅಲ್ಲಿಯೇ. ಆ ಕಡೆಗೇ ಒತ್ತಿ ಹೋಗೆಂದು ಸರ್ಸಿಯು ಹೇಳಿದ್ದಳು. ಮಿಲ್ಟನ್ನನೂ ಮುಂದಿನ ಮಾತಿನಲ್ಲಿ ಮತ್ತೊಂದು ಅಪಾಯದ ಪಕ್ಕದಲ್ಲಿ ನಡೆದನೆಂದೇ ಹೇಳಿದ್ದಾನೆ. (ಬಂಡೆಯ ಮೇಲಿನ ರಾಕ್ಷಸಿಯನ್ನು ಅವನು ಇನ್ನೊಂದು ಸುಳಿಯೆಂದು ಕರೆದುದು ಬೇರೆಯ ಪ್ರಶ್ನೆ.) ವಾಕ್ಯರಚನೆಯು ಈ ಅನ್ವಯಕ್ಕೆ ಸ್ವಲ್ಪ ಬಿಗಿಯಾದರೂ ಲ್ಯಾಟಿನ್ನಿನ ಕ್ರಮವನ್ನು ಅನುಸರಿಸುವ ಮಿಲ್ಟನ್ನನಲ್ಲಿ ಅಸಾಧ್ಯವಲ್ಲ. ‘ಎಡ’ ಎಂಬ ಟಿಪ್ಪಣಿಯನ್ನು ಓದಿದವನಿಗೆ ಈ ವಿಕಲ್ಪವು ಹೊಳೆಯುವುದೇ ಇಲ್ಲ. ಎಡವು ಭೂಪಟವನ್ನು ನೋಡುವವನ ಎಡವೂ ಆಗಬಹುದು. ಬಡಗಲನ್ನು ಮೇಲಿಟ್ಟು ನೋಡಿದರೆ ಸಿಸಿಲಿಯು ಎಡಕ್ಕೇ ಇದೆ, ಓದುಗನು ತೃಪ್ತನಾಗುವನು. ಲಾರ್ಬೋರ್ಡ್ ಎಂಬುದು ಹಡಗಿನ ಮುಖವೆತ್ತ ಎಂದು ಕೇಳಿಯೇ ತೀರುವ ಶಬ್ದ. ಆ ಪ್ರಶ್ನೆ ಕೇಳಿದ ಮೇಲೆ ಎರಡನೆಯ ಅನ್ವಯಕ್ಕೇ ಹೆಚ್ಚು ಬಲ ಬರುವುದೆಂದು ತೋರುತ್ತದೆ.

ಕೋಲ್‌ರಿಜ್ ಕವಿಯ ವೃದ್ಧನಾವಿಕನ ಕಥನವನ್ನು (1798) ಇವುಗಳ ಪಕ್ಕದಲ್ಲಿಟ್ಟು ನೋಡುವುದು ಉಪಯುಕ್ತ. ಅಲ್ಲಿ ಮಾತಾಡುವವನು ಆಜನ್ಮ ನಾವಿಕ. ಲಾರ್ಬೋರ್ಡ್ ಅವನ ನಾಲಗೆಯ ಮೇಲಿನ ಶಬ್ದ. ಆದರೂ ಸೂರ್ಯನು ಹುಟ್ಟಿ ಮುಳುಗಿದ ಕಡೆಗಳನ್ನು ಹೇಳುವಾಗ ಅವನು ಎಡ, ಬಲ ಎಂದೇ ಹೇಳುತ್ತಾನೆ. ಹೋಗುವಾಗ ಎಡಕ್ಕೆ ಹುಟ್ಟಿದ ಸೂರ್ಯನು ಮುಂದೆ ಬಲಕ್ಕೆ ಹುಟ್ಟಿದನೆಂಬ ಒಂದೇ ಮಾತಿನಿಂದ, ತೆಂಕಲಿಗೆ ಸಾಗಿದ್ದ ಹಡಗು ಬಡಗಲಿಗೆ ತಿರುಗಿತೆಂಬುದನ್ನು ಕೇಳುವವನು ತಾನೇ ಗ್ರಹಿಸಬೇಕಾಗುವುದು. ಕೇಳುತ್ತ ಕುಳಿತವನಾದರೋ ಮದುವೆಯ ಮನೆಗೆ ಹೊರಟಿದ್ದ ನೆಂಟ, ಹಡಗಿನ ಕೆಲಸವನ್ನು ಅರಿಯದವನು.